‘ತಾಯಿಯ ರಕ್ತದ ಗುಂಪು’ ಎಂಬ ಜಾಗದಲ್ಲಿ ಎರಡು ಉತ್ತರ ಬರೆಯಿರಿ: ಬದಲಿ ತಾಯ್ತನದಲ್ಲಿ ಕೂಸಿನ ರಕ್ತದ ಗುಂಪನ್ನು ಲೆಕ್ಕ ಹಾಕುವ ಬಗೆ

ಹುಟ್ಟಿದ ಕೂಸಿನ ಕಣ್ಣು, ಮೈ ಹಳದಿಯಾಗಿ ಕಂಡರೆ ಮಕ್ಕಳ ವೈದ್ಯರು ಮೊದಲು ಕೇಳುವ ಪ್ರಶ್ನೆಗಳಲ್ಲಿ ಒಂದು, “ತಾಯಿಯ ರಕ್ತದ ಗುಂಪು ಯಾವುದು?” ಎಂಬುದು. ಸಾಮಾನ್ಯ ಹೆರಿಗೆಯಲ್ಲಿ ಇದಕ್ಕೆ ಒಂದೇ ಉತ್ತರ. ಬದಲಿ ತಾಯ್ತನದಲ್ಲಿ ಎರಡು ಉತ್ತರಗಳಿವೆ: ಅಂಡಾಣು ಕೊಟ್ಟವಳ ಗುಂಪು ಒಂದು, ಹೊತ್ತು ಹೆತ್ತವಳ ಗುಂಪು ಇನ್ನೊಂದು. ಮೊದಲನೆಯದು ಕೂಸಿಗೆ ಯಾವ ಗುಂಪು ಬರಬಹುದೆಂಬುದನ್ನು ಹೇಳುತ್ತದೆ; ಎರಡನೆಯದು ಆ ಕೂಸಿಗೆ ಕಾಮಾಲೆಯ ಅಪಾಯ ಎಷ್ಟೆಂಬುದನ್ನು ಹೇಳುತ್ತದೆ. ಹುಬ್ಬಳ್ಳಿಯ ಪ್ರಯೋಗಾಲಯದಲ್ಲಿ ಕುಳಿತು ಬಹಳ ವರ್ಷ ರಕ್ತದ ಗುಂಪು ನೋಡಿದ ಅನುಭವದಿಂದ ಹೇಳುವುದಾದರೆ, ಮನೆಯವರು ಗಾಬರಿಯಾಗುವುದೂ ಕೆಲವೊಮ್ಮೆ ಆಸ್ಪತ್ರೆಯವರು ಎಡವುವುದೂ ಈ ಎರಡನ್ನು ಒಂದೇ ಎಂದು ಭಾವಿಸಿದಾಗಲೇ. ಆದ್ದರಿಂದ ಎರಡು ಲೆಕ್ಕಗಳನ್ನು ಬೇರೆಬೇರೆಯಾಗಿ ಇಟ್ಟುಕೊಳ್ಳುವುದು ಹೇಗೆಂದು ಇಲ್ಲಿ ವಿವರಿಸಿದ್ದೇನೆ.

ಮೊದಲಿಗೆ ಹೆಸರಿನ ಬಗ್ಗೆ ಒಂದು ಮಾತು. ನಮ್ಮ ಕಡೆ ಎಲ್ಲರೂ ‘ಬಾಡಿಗೆ ತಾಯಿ’ ಎಂದೇ ಹೇಳುತ್ತಾರೆ. ಆದರೆ 2022ರ ಜನವರಿ 25ರಿಂದ ಜಾರಿಯಲ್ಲಿರುವ 2021ರ ಬಾಡಿಗೆ ತಾಯ್ತನ ನಿಯಂತ್ರಣ ಕಾಯ್ದೆಯ ಪ್ರಕಾರ ಆಕೆಗೆ ವೈದ್ಯಕೀಯ ಖರ್ಚು, ವಿಮೆ ಮೊದಲಾದವನ್ನು ಬಿಟ್ಟು ಬಾಡಿಗೆಯಾಗಿ ಹಣ ಕೊಡುವಂತೆಯೇ ಇಲ್ಲ. ಬಾಡಿಗೆಯೇ ಇಲ್ಲದ ಮೇಲೆ ಆ ಹೆಸರು ನನಗೆ ಸರಿಯೆನಿಸದ ಕಾರಣ ಈ ಬರಹದಲ್ಲಿ ‘ಬದಲಿ ತಾಯಿ’ ಎಂದೇ ಬರೆಯುತ್ತೇನೆ.

ಗುಂಪು ಬರುವುದು ಎಲ್ಲಿಂದ

“ಒಂಬತ್ತು ತಿಂಗಳು ಆಕೆಯ ರಕ್ತ ಕುಡಿದು ಬೆಳೆದ ಕೂಸು, ಆಕೆಯ ಗುಂಪು ಬಾರದೆ ಹೇಗೆ ಇರುತ್ತದೆ?” ಎಂದು ಕೇಳುವ ಹಿರಿಯರು ಪ್ರತಿ ಮನೆಯಲ್ಲೂ ಇರುತ್ತಾರೆ. ರಕ್ತಸಂಬಂಧ, ರಕ್ತ ಹಂಚಿಕೊಂಡು ಹುಟ್ಟಿದವರು ಎಂಬ ಮಾತುಗಳು ನಮ್ಮ ನಾಲಗೆಯ ಮೇಲೆ ಎಷ್ಟು ಸಹಜವಾಗಿವೆಯೆಂದರೆ, ಗರ್ಭದಲ್ಲಿ ತಾಯಿಯ ರಕ್ತವೇ ಕೂಸಿನ ಮೈಯಲ್ಲಿ ಹರಿಯುತ್ತದೆ ಎಂಬ ನಂಬಿಕೆ ಓದಿದವರಲ್ಲಿಯೂ ಉಳಿದಿದೆ. ವಾಸ್ತವದಲ್ಲಿ ಕೂಸು ತನ್ನ ರಕ್ತವನ್ನು ತಾನೇ ತಯಾರಿಸಿಕೊಳ್ಳುತ್ತದೆ. ಭ್ರೂಣಕ್ಕೆ ಸುಮಾರು 3 ವಾರವಾಗುವ ಹೊತ್ತಿಗೆ ಅದಕ್ಕೆ ಅಂಟಿಕೊಂಡಿರುವ ಒಂದು ಸಣ್ಣ ಚೀಲದಲ್ಲಿ ಮೊದಲ ರಕ್ತಕಣಗಳು ಹುಟ್ಟುತ್ತವೆ. ಆ ಬಳಿಕ ಈ ಕೆಲಸ ಯಕೃತ್ತಿಗೆ ಹೋಗಿ, ಕೊನೆಗೆ ಎಲುಬಿನ ಮಜ್ಜೆಯಲ್ಲಿ ನೆಲೆಗೊಳ್ಳುತ್ತದೆ. ಮಾಸಿನೊಳಗೆ ಹೊತ್ತವಳ ರಕ್ತ ಒಂದು ಕಡೆ, ಕೂಸಿನ ರಕ್ತ ಇನ್ನೊಂದು ಕಡೆ ಹರಿಯುತ್ತದೆ. ನಡುವಿನ ತೆಳು ಪೊರೆಯ ಮೂಲಕ ಆಮ್ಲಜನಕ, ಆಹಾರದ ಅಂಶಗಳು ಮತ್ತು ಕೆಲವು ಪ್ರತಿಕಾಯಗಳು (ಪರಕೀಯವಾದುದನ್ನು ಎದುರಿಸಲು ದೇಹ ತಯಾರಿಸುವ ಅಂಶಗಳು) ದಾಟುತ್ತವೆಯೇ ಹೊರತು ಸಾಮಾನ್ಯವಾಗಿ ರಕ್ತವೇ ಬೆರೆಯುವುದಿಲ್ಲ. ಪ್ರತಿಕಾಯ ಎಂಬ ಪದವನ್ನು ನೆನಪಿಟ್ಟುಕೊಳ್ಳಿ, ಎರಡನೆಯ ಲೆಕ್ಕವೆಲ್ಲ ಅದರ ಮೇಲೆಯೇ ನಿಂತಿದೆ.

ಹಾವೇರಿ ಕಡೆಯ ರೈತರಿಗೆ ನಾನು ಇದನ್ನು ಮೆಣಸಿನಕಾಯಿಯ ಮಾತಿನಲ್ಲಿ ಹೇಳುತ್ತಿದ್ದೆ. ಬ್ಯಾಡಗಿ ಮೆಣಸಿನಕಾಯಿಯ ಬೀಜವನ್ನು ನವಲಗುಂದದ ಎರೆ ಹೊಲದಲ್ಲಿ ಬಿತ್ತಿದರೂ ಬರುವುದು ಬ್ಯಾಡಗಿ ಗಿಡವೇ. ಹೊಲ ಗಿಡದ ಬೆಳವಣಿಗೆಯನ್ನು ಬದಲಿಸಬಹುದು, ಜಾತಿಯನ್ನು ಬದಲಿಸದು. ಈ ಹೋಲಿಕೆಯಲ್ಲಿ ಒಂದು ತೊಡಕಿದೆ. ಗಂಡಸು ಬೀಜ, ಹೆಂಗಸು ಹೊಲ ಎಂಬ ಹಳೆಯ ಮಾತು ನಮ್ಮಲ್ಲಿದೆ, ಅದು ತಪ್ಪು. ಬೀಜದಲ್ಲಿ ಅರ್ಧ ಪಾಲು ಅಂಡಾಣುವಿನದು, ಅರ್ಧ ಪಾಲು ವೀರ್ಯಾಣುವಿನದು. ಬದಲಿ ತಾಯ್ತನದಲ್ಲಿ ಈ ಎರಡೂ ಹೊರಗಡೆ ಕೂಡಿ ಭ್ರೂಣವಾಗಿ, ಆಮೇಲೆ ಬದಲಿ ತಾಯಿಯ ಗರ್ಭವನ್ನು ಸೇರುತ್ತವೆ. ಬದಲಿ ತಾಯಿ ತನ್ನದೇ ಅಂಡಾಣುವನ್ನು ಕೊಡುವುದನ್ನು ಭಾರತದ ಕಾನೂನು ನಿಷೇಧಿಸಿದೆ. ಹೊರದೇಶಗಳ ಕೆಲವು ಕಡೆ ಅದಕ್ಕೆ ಅವಕಾಶವಿದ್ದು, ಅಲ್ಲಿ ಮಾತ್ರ ಹೊತ್ತವಳ ಗುಂಪೂ ಆನುವಂಶಿಕತೆಯ ಲೆಕ್ಕಕ್ಕೆ ಬರುತ್ತದೆ.

ಮೊದಲ ಲೆಕ್ಕ: ಅಂಡಾಣು ಮತ್ತು ವೀರ್ಯಾಣು ಯಾರವು

ಲೆಕ್ಕಕ್ಕೆ ಕೂರುವ ಮುನ್ನ ಅಂಡಾಣು ಯಾರದು, ವೀರ್ಯಾಣು ಯಾರದು ಎಂಬುದನ್ನು ಕಾಗದದ ಮೇಲೆ ಬರೆದುಕೊಳ್ಳಿ. ಎರಡೂ ದಂಪತಿಗಳವೇ ಆಗಿದ್ದರೆ ಕೆಲಸ ಸುಲಭ. 2024ರ ಫೆಬ್ರವರಿಯ ತಿದ್ದುಪಡಿಯ ನಂತರ, ದಂಪತಿಗಳಲ್ಲಿ ಒಬ್ಬರಿಗೆ ವೈದ್ಯಕೀಯ ಕಾರಣವಿದೆಯೆಂದು ಜಿಲ್ಲಾ ವೈದ್ಯಕೀಯ ಮಂಡಳಿ ಪ್ರಮಾಣೀಕರಿಸಿದರೆ ಒಂದು ಪಾಲನ್ನು ದಾನಿಯಿಂದ ಪಡೆಯಬಹುದು, ಇನ್ನೊಂದು ಪಾಲು ದಂಪತಿಗಳದೇ ಆಗಿರಬೇಕು. ವಿಧವೆ ಅಥವಾ ವಿಚ್ಛೇದಿತೆ ಒಬ್ಬಳೇ ಈ ದಾರಿ ಹಿಡಿದರೆ ಅಂಡಾಣು ಆಕೆಯದೇ, ವೀರ್ಯಾಣು ದಾನಿಯದು. ದಾನಿಯ ಹೆಸರು ನಿಮಗೆ ತಿಳಿಯಬೇಕಾಗಿಲ್ಲ, ಆದರೆ ದಾನಿಯ ರಕ್ತದ ಗುಂಪನ್ನು ಕ್ಲಿನಿಕ್ಕಿನಿಂದ ಬರಹದಲ್ಲಿಯೇ ಕೇಳಿ ಪಡೆಯಿರಿ.

ಗುಂಪಿನ ದಾಖಲೆ ಎಲ್ಲಿಯದು ಎಂಬುದೂ ಮುಖ್ಯ. ಡ್ರೈವಿಂಗ್ ಲೈಸೆನ್ಸಿನ ಮೇಲಿರುವುದು ಅರ್ಜಿಯಲ್ಲಿ ನೀವೇ ತುಂಬಿದ ಗುಂಪು. ಕಾಲೇಜಿನ ಶಿಬಿರದಲ್ಲಿ ಎಂದೋ ಕೊಟ್ಟ ಕಾರ್ಡೂ ನಂಬಿಕೆಗೆ ಸಾಲದು. ಪರೀಕ್ಷೆ ಕಷ್ಟದ್ದೇನಲ್ಲ: ಬಿಳಿ ಟೈಲಿನ ಮೇಲೆ ಮೂರು ಕಡೆ ರಕ್ತದ ಹನಿ ಇಟ್ಟು, ಒಂದಕ್ಕೆ ನೀಲಿ ಬಣ್ಣದ ಆಂಟಿ-ಎ, ಇನ್ನೊಂದಕ್ಕೆ ಹಳದಿ ಬಣ್ಣದ ಆಂಟಿ-ಬಿ, ಮೂರನೆಯದಕ್ಕೆ ಬಣ್ಣವಿಲ್ಲದ ಆಂಟಿ-ಡಿ ದ್ರಾವಣವನ್ನು ಹಾಕಿ ಕಡ್ಡಿಯಿಂದ ಕಲಸಿ, ಟೈಲನ್ನು ಮೆಲ್ಲಗೆ ಅತ್ತಿತ್ತ ಆಡಿಸಬೇಕು. ಹೊಂದುವ ಹನಿ ಒಡೆದ ಹಾಲಿನಂತೆ ಕಾಳುಕಾಳಾಗಿ ಬೇರ್ಪಡುತ್ತದೆ. ಹೊಂದದ್ದು ನುಣ್ಣಗೆ ಕೆಂಪಾಗಿಯೇ ಉಳಿಯುತ್ತದೆ. ಸರಳವೆಂಬ ಕಾರಣಕ್ಕೇ ಅವಸರದಲ್ಲಿ ತಪ್ಪು ಓದುವುದೂ ಉಂಟು. ಆದ್ದರಿಂದ ಗಂಡ, ಹೆಂಡತಿ, ಬದಲಿ ತಾಯಿ ಮೂವರೂ ಟ್ಯೂಬಿನಲ್ಲಿಯೋ ಜೆಲ್ ಕಾರ್ಡಿನಲ್ಲಿಯೋ ಎರಡು ಬಗೆಯಿಂದ ಪರೀಕ್ಷಿಸುವ ರಕ್ತನಿಧಿಯಲ್ಲಿ ಹೊಸದಾಗಿ ಮಾಡಿಸಿಕೊಳ್ಳುವುದು ಒಳ್ಳೆಯದು.

ಇನ್ನು ಲೆಕ್ಕ. ಎ, ಬಿ, ಓ ಗುಂಪುಗಳನ್ನು ಕಾರ್ಲ್ ಲ್ಯಾಂಡ್‌ಸ್ಟೈನರ್ 1901ರಲ್ಲಿ ಗುರುತಿಸಿದರು. ಅವು ಮೂರು ಬಗೆಯ ಜೀನುಗಳಿಂದ ಬರುತ್ತವೆ ಎಂಬುದನ್ನು 1924ರಲ್ಲಿ ಫೆಲಿಕ್ಸ್ ಬರ್ನ್‌ಸ್ಟೈನ್ ತೋರಿಸಿಕೊಟ್ಟರು. ಪ್ರತಿಯೊಬ್ಬರಲ್ಲಿಯೂ ಈ ಜೀನಿನ ಎರಡು ಪ್ರತಿಗಳಿದ್ದು, ಮಗುವಿಗೆ ಒಂದನ್ನು ಮಾತ್ರ ಕೊಡುತ್ತಾರೆ. ಎ ಮತ್ತು ಬಿ ಎರಡೂ ಮುಂದೆ ಬಂದು ಕಾಣಿಸಿಕೊಳ್ಳುವಂಥವು, ಓ ಹಿಂದೆ ಅಡಗುವಂಥದು. ಹೀಗಾಗಿ ಎ ಗುಂಪಿನವರಲ್ಲಿ ಎರಡೂ ಎ ಇರಬಹುದು, ಇಲ್ಲವೇ ಒಂದು ಎ ಮತ್ತು ಅಡಗಿದ ಒಂದು ಓ ಇರಬಹುದು. ಬಿ ಗುಂಪಿನವರದೂ ಹಾಗೆಯೇ. ಓ ಗುಂಪಿನವರಲ್ಲಿ ಎರಡೂ ಓ, ಎಬಿಯವರಲ್ಲಿ ಒಂದೊಂದು. ಕಾಗದದ ಮೇಲೆ ನಾಲ್ಕು ಮನೆಯ ಚೌಕ ಬರೆದು, ಮೇಲೆ ಅಂಡಾಣುವಿನ ಎರಡು ಪ್ರತಿಗಳನ್ನೂ ಎಡಕ್ಕೆ ವೀರ್ಯಾಣುವಿನ ಎರಡು ಪ್ರತಿಗಳನ್ನೂ ಬರೆದು ಜೋಡಿಸಿದರೆ ಮುಗಿಯಿತು.

ಗದಗದ ದಂಪತಿಗಳೊಬ್ಬರನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ಹೆಂಡತಿ ಓ, ಗಂಡ ಎಬಿ, ಭ್ರೂಣ ಅವರಿಬ್ಬರದೇ. ಹೊತ್ತವಳು ಹೆಂಡತಿಯ ಅಕ್ಕ, ಆಕೆಯ ಗುಂಪು ಬಿ. ಚೌಕದಲ್ಲಿ ಓ ಎಲ್ಲ ಮನೆಗಳಿಗೂ ಹೋಗುತ್ತದೆ, ಎಬಿಯಿಂದ ಎರಡು ಮನೆಗೆ ಎ, ಎರಡು ಮನೆಗೆ ಬಿ. ಕೂಸು ಎ ಆಗಬೇಕು ಇಲ್ಲವೇ ಬಿ ಆಗಬೇಕು. ಅಪ್ಪನಂತೆ ಎಬಿಯೂ ಆಗದು, ಅವ್ವನಂತೆ ಓ ಕೂಡ ಆಗದು. ಕೂಸು ಬಿ ಆಗಿ ಹುಟ್ಟಿತೆನ್ನಿ. ತೊಟ್ಟಿಲಿಗೆ ಬಂದವರೆಲ್ಲ “ದೊಡ್ಡವ್ವನ ರಕ್ತವೇ ಬಂದಿದೆ ನೋಡಿ” ಎನ್ನುತ್ತಾರೆ. ಆ ಬಿ ಬಂದದ್ದು ಅಪ್ಪನಿಂದ. ದೊಡ್ಡವ್ವನ ಗುಂಪು ಓ ಆಗಿದ್ದರೂ ಎಬಿ ಆಗಿದ್ದರೂ ಲೆಕ್ಕ ಒಂದು ಚೂರೂ ಬದಲಾಗುತ್ತಿರಲಿಲ್ಲ.

ಉಳಿದ ಜೋಡಿಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಓ ಮತ್ತು ಓ ಕೂಡಿದರೆ ಓ ಮಾತ್ರ. ಎ ಮತ್ತು ಎ ಕೂಡಿದರೆ ಎ ಅಥವಾ ಓ, ಬಿ ಮತ್ತು ಬಿ ಕೂಡಿದರೆ ಬಿ ಅಥವಾ ಓ. ಎ ಮತ್ತು ಬಿ ಕೂಡಿದರೆ ನಾಲ್ಕರಲ್ಲಿ ಯಾವುದೂ ಬರಬಹುದು. ಎಬಿ ಒಂದು ಕಡೆಯಿದ್ದರೆ ಓ ಬರುವುದಿಲ್ಲ. ಪಾಸಿಟಿವ್, ನೆಗೆಟಿವ್ ಎಂಬುದು (ಟೈಲಿನ ಮೇಲೆ ಆಂಟಿ-ಡಿ ಹನಿ ತೋರಿಸುವುದು ಇದನ್ನೇ) ಬೇರೆಯೇ ಜೀನಿನ ಮಾತು: ಪಾಸಿಟಿವ್ ಮುಂದೆ ಬರುವಂಥದು, ನೆಗೆಟಿವ್ ಅಡಗುವಂಥದು. ಆದ್ದರಿಂದ ಇಬ್ಬರು ಪಾಸಿಟಿವ್‌ಗಳಿಗೆ ನೆಗೆಟಿವ್ ಕೂಸು ಹುಟ್ಟಬಹುದು, ಇಬ್ಬರು ನೆಗೆಟಿವ್‌ಗಳಿಗೆ ನೆಗೆಟಿವ್ ಕೂಸೇ ಹುಟ್ಟುತ್ತದೆ ಎಂದು ತಿಳಿಯಬಹುದು.

ಎರಡನೆಯ ಲೆಕ್ಕ: ಹೊತ್ತವಳ ಮತ್ತು ಕೂಸಿನ ನಡುವೆ

ಇಲ್ಲಿಯವರೆಗೆ ಬದಲಿ ತಾಯಿಯ ಗುಂಪನ್ನು ಪಕ್ಕಕ್ಕಿಟ್ಟೆವು. ಹಾಗೆಂದು ಅದನ್ನು ಮರೆತರೆ ದೊಡ್ಡ ತಪ್ಪಾಗುತ್ತದೆ.

ಹಾವೇರಿಯ ದಂಪತಿಗಳದೊಂದು ಉದಾಹರಣೆ ತೆಗೆದುಕೊಳ್ಳೋಣ. ಹೆಂಡತಿ ಎ ಪಾಸಿಟಿವ್, ಗಂಡ ಬಿ ಪಾಸಿಟಿವ್. ಬದಲಿ ತಾಯಿ ಓ ನೆಗೆಟಿವ್, ಆಕೆಯ ಗಂಡನೂ ಓ ನೆಗೆಟಿವ್. ಬಸುರಿಯರ ಹೆಸರು ಬರೆಸುವಾಗ ಆಕೆ ನೆಗೆಟಿವ್ ಎಂದ ಕೂಡಲೇ ಆಸ್ಪತ್ರೆಯವರು “ಗಂಡನ ಗುಂಪು ಯಾವುದು?” ಎಂದು ಕೇಳುತ್ತಾರೆ. ಗಂಡನೂ ನೆಗೆಟಿವ್ ಎಂದು ಉತ್ತರ ಬಂದರೆ, ಕೂಸೂ ನೆಗೆಟಿವ್ ಆಗುತ್ತದೆ, ಆಂಟಿ-ಡಿ ಇಂಜೆಕ್ಷನ್ ಬೇಕಿಲ್ಲ ಎಂದು ಬರೆದುಬಿಡುವುದು ಸಾಮಾನ್ಯ ಬಸುರಿನಲ್ಲಿ ಸರಿಯಾದೀತು. ಇಲ್ಲಿ ಆ ಗಂಡನಿಗೂ ಕೂಸಿಗೂ ಯಾವ ಆನುವಂಶಿಕ ಸಂಬಂಧವೂ ಇಲ್ಲ. ಕೂಸು ಪಾಸಿಟಿವ್ ಆಗುವ ಸಾಧ್ಯತೆಯೇ ಹೆಚ್ಚು. ನಾನು ಕೆಲಸ ಮಾಡುತ್ತಿದ್ದ ದಿನಗಳಲ್ಲಿ ಒಂದು ಆಸ್ಪತ್ರೆಯಿಂದ ಬಂದ ಚೀಟಿಯಲ್ಲಿ ಹೀಗೆಯೇ ಬದಲಿ ತಾಯಿಯ ಗಂಡನ ಗುಂಪನ್ನು ಬರೆದಿದ್ದರು; ಜೊತೆಗೆ ಬಂದಿದ್ದ ಹೆಣ್ಣುಮಗಳು ಬಾಯಿ ಬಿಟ್ಟು ವಿಷಯ ಹೇಳಿದ್ದರಿಂದ ಅದು ತಿದ್ದಿಕೊಂಡಿತು. ಆದ್ದರಿಂದ ತಾಯಿ ಕಾರ್ಡಿನಲ್ಲಿಯೂ ಆಸ್ಪತ್ರೆಯ ಫೈಲಿನಲ್ಲಿಯೂ, ಗಂಡನ ಗುಂಪು ಕೇಳುವಲ್ಲಿ ‘ಬದಲಿ ತಾಯ್ತನ, ವೀರ್ಯಾಣು ಮತ್ತು ಅಂಡಾಣು ಕೊಟ್ಟವರ ಗುಂಪು ಇಂತಿಂಥದು’ ಎಂದು ಬರೆಸಿ. ಗುಟ್ಟು ಕಾಪಾಡಬೇಕೆಂಬ ಆಸೆ ಎಷ್ಟಿದ್ದರೂ ನೋಡಿಕೊಳ್ಳುವ ವೈದ್ಯರಿಂದ ಮಾತ್ರ ಇದನ್ನು ಮುಚ್ಚಿಡಬೇಡಿ.

ಇದು ಏಕೆ ಇಷ್ಟು ಮುಖ್ಯ? ನೆಗೆಟಿವ್ ಹೆಂಗಸು ಪಾಸಿಟಿವ್ ಕೂಸನ್ನು ಹೊತ್ತಾಗ, ವಿಶೇಷವಾಗಿ ಹೆರಿಗೆಯ ಹೊತ್ತಿಗೆ, ಕೂಸಿನ ಕೆಲವು ರಕ್ತಕಣಗಳು ಆಕೆಯ ಮೈಗೆ ಸೇರುತ್ತವೆ. ಆಕೆಯ ದೇಹ ಅವನ್ನು ಪರಕೀಯವೆಂದು ಗುರುತಿಸಿ ಪ್ರತಿಕಾಯ ತಯಾರಿಸುತ್ತದೆ, ಮತ್ತು ಒಮ್ಮೆ ಕಲಿತದ್ದನ್ನು ಮರೆಯುವುದಿಲ್ಲ. ಮುಂದಿನ ಬಸುರಿನಲ್ಲಿ ಆ ಪ್ರತಿಕಾಯಗಳು ಮಾಸನ್ನು ದಾಟಿ ಕೂಸಿನ ರಕ್ತಕಣಗಳನ್ನು ಒಡೆಯುತ್ತವೆ. ಅದರಿಂದ ಕೂಸಿಗೆ ರಕ್ತಹೀನತೆ, ತೀವ್ರ ಕಾಮಾಲೆ ಉಂಟಾಗಬಹುದು. ಕೆಲವೊಮ್ಮೆ ಕೂಸು ಗರ್ಭದಲ್ಲಿಯೇ ಬಾತುಕೊಂಡು ಉಳಿಯದೆ ಹೋಗಬಹುದು. ಇದನ್ನು ತಡೆಯುವುದು ಆಂಟಿ-ಡಿ ಇಂಜೆಕ್ಷನ್. ಸಾಮಾನ್ಯವಾಗಿ 28ನೆಯ ವಾರದ ಸುಮಾರಿಗೆ ಒಮ್ಮೆ, ಕೂಸು ಪಾಸಿಟಿವ್ ಎಂದು ಗೊತ್ತಾದರೆ ಹೆರಿಗೆಯಾದ 72 ಗಂಟೆಯೊಳಗೆ ಇನ್ನೊಮ್ಮೆ ಕೊಡುತ್ತಾರೆ. ನಡುವೆ ರಕ್ತಸ್ರಾವವಾದರೆ, ಬಸುರು ಇಳಿದರೆ, ಹೊಟ್ಟೆಗೆ ಪೆಟ್ಟು ಬಿದ್ದರೆ ಆಗಲೂ ಬೇಕಾಗುತ್ತದೆ.

ಬದಲಿ ತಾಯ್ತನದಲ್ಲಿ ಇದಕ್ಕೆ ಇನ್ನೊಂದು ಮಗ್ಗುಲಿದೆ. ಕಾನೂನಿನ ಪ್ರಕಾರ ಬದಲಿ ತಾಯಿ 25ರಿಂದ 35 ವರ್ಷದೊಳಗಿನವಳೂ ಮದುವೆಯಾದವಳೂ ಆಗಿದ್ದು, ತನ್ನದೇ ಒಂದು ಮಗುವನ್ನಾದರೂ ಹೆತ್ತಿರಬೇಕು. ಎಂದರೆ ಆಕೆಗೆ ಇದು ಚೊಚ್ಚಲ ಬಸುರಲ್ಲ. ನೆಗೆಟಿವ್ ಆಗಿದ್ದು, ಹಿಂದಿನ ಹೆರಿಗೆಯಲ್ಲಿಯೋ ಹಿಂದೆ ಬಸುರು ಇಳಿದಾಗಲೋ ಇಂಜೆಕ್ಷನ್ ತಪ್ಪಿಹೋಗಿದ್ದರೆ ಆಕೆಯಲ್ಲಿ ಪ್ರತಿಕಾಯಗಳು ಈಗಾಗಲೇ ಇರಬಹುದು. ಇದ್ದ ಮೇಲೆ ಆಂಟಿ-ಡಿ ಕೊಟ್ಟರೂ ಪ್ರಯೋಜನವಿಲ್ಲ. ಆದ್ದರಿಂದ ಭ್ರೂಣವನ್ನು ಗರ್ಭಕ್ಕೆ ಸೇರಿಸುವ ಮೊದಲೇ ಆಕೆಗೆ, ರಕ್ತದಲ್ಲಿ ಇಂಥ ಪ್ರತಿಕಾಯಗಳಿವೆಯೇ ಎಂದು ನೋಡುವ ಇನ್‌ಡೈರೆಕ್ಟ್ ಕೂಂಬ್ಸ್ ಪರೀಕ್ಷೆ ಮಾಡಿಸಿ. ಪಾಸಿಟಿವ್ ಗುಂಪಿನವಳಾದರೂ ಹಿಂದೆ ರಕ್ತ ಹಾಕಿಸಿಕೊಂಡವಳಾಗಿದ್ದರೆ ಬೇರೆ ಬಗೆಯ ಪ್ರತಿಕಾಯಗಳಿರಬಹುದಾದ್ದರಿಂದ ಈ ಪರೀಕ್ಷೆ ಆಕೆಗೂ ಉಪಯುಕ್ತ. ಫಲಿತಾಂಶದಲ್ಲಿ ಪ್ರತಿಕಾಯ ಕಂಡರೆ ಮುಂದುವರಿಯಬೇಕೇ, ಬೇರೊಬ್ಬರನ್ನು ನೋಡಬೇಕೇ ಎಂಬುದನ್ನು ತಜ್ಞರು ನಿರ್ಧರಿಸಲಿ. ಇಂಜೆಕ್ಷನ್ನಿನ ವಿಷಯದಲ್ಲಿ ದಂಪತಿಗಳು ಕೈ ಬಿಗಿ ಹಿಡಿಯಬಾರದು ಎಂಬುದು ನನ್ನ ಖಂಡಿತವಾದ ಅಭಿಪ್ರಾಯ: ಅದರಿಂದ ಕಾಪಾಡಲ್ಪಡುವುದು ಮುಖ್ಯವಾಗಿ ಬದಲಿ ತಾಯಿಯ ಮುಂದಿನ ಸ್ವಂತ ಮಕ್ಕಳು. ನಿಮ್ಮ ಕೂಸನ್ನು ಹಣ ಪಡೆಯದೆ ಹೊತ್ತುಕೊಟ್ಟವಳ ಮಡಿಲಿಗೆ ಮುಂದೆ ತೊಂದರೆ ಉಳಿಸಿ ಬರುವುದು ಯಾವ ನ್ಯಾಯ?

ನಮ್ಮ ದೇಶದಲ್ಲಿ 100 ಜನರಲ್ಲಿ ಸುಮಾರು 5 ಜನ ಮಾತ್ರ ನೆಗೆಟಿವ್ ಇರುವುದರಿಂದ ಹೆಚ್ಚಿನವರಿಗೆ ಈ ಚಿಂತೆ ಬರುವುದಿಲ್ಲ. ಆದರೆ ಓ ಗುಂಪಿನ ಬದಲಿ ತಾಯಿಯರು ಧಾರಾಳವಾಗಿ ಸಿಗುತ್ತಾರೆ. ಓ ಗುಂಪಿನವರಲ್ಲಿ ಎ ಮತ್ತು ಬಿ ಗುಂಪುಗಳ ವಿರುದ್ಧದ ಪ್ರತಿಕಾಯಗಳು ಹುಟ್ಟಿನ ಕೆಲವು ತಿಂಗಳಿಂದಲೇ ಇರುತ್ತವೆ, ಅವುಗಳಲ್ಲಿ ಒಂದು ಪಾಲು ಮಾಸನ್ನು ದಾಟಬಲ್ಲುದು. ಕೂಸು ಎ, ಬಿ ಅಥವಾ ಎಬಿ ಆದರೆ ಮೊದಲ ದಿನಗಳಲ್ಲಿ ಕಾಮಾಲೆ ಕಾಣಿಸಿಕೊಳ್ಳಬಹುದು. ಬಹುತೇಕ ಅದು ಸೌಮ್ಯವಾಗಿದ್ದು, ನೀಲಿ ಬೆಳಕಿನ ಕೆಳಗೆ ಮಲಗಿಸುವುದರಿಂದ ಇಳಿಯುತ್ತದೆ. ಆದರೂ ಹುಟ್ಟಿದ 24 ಗಂಟೆಯೊಳಗೆ ಮೈ ಹಳದಿಯಾದರೆ ಅದನ್ನು ಸಾಮಾನ್ಯ ಕಾಮಣಿಯೆಂದು ಬಿಟ್ಟುಬಿಡಬಾರದು. ಬೆಳಗಿನ ಎಳೆಬಿಸಿಲಿಗೆ ಹಿಡಿದರೆ ಸಾಕೆಂಬ ಮನೆಮಾತನ್ನೂ ಆಗ ಕೇಳಬಾರದು.

ಬರಹದ ಮೊದಲಲ್ಲಿ ಹೇಳಿದ ಪ್ರಶ್ನೆ ಎದುರಾಗುವುದು ಇಂಥ ಹೊತ್ತಿನಲ್ಲಿ. ಹಾವೇರಿಯ ಆ ದಂಪತಿಗಳ ಕೂಸು ಎಬಿ ಪಾಸಿಟಿವ್ ಆಗಿ ಹುಟ್ಟಿತೆನ್ನಿ. ಕೂಸನ್ನು ಎತ್ತಿಕೊಂಡು ನಿಂತ ಹೆಂಡತಿ ತಾಯಿಯ ಗುಂಪು ‘ಎ ಪಾಸಿಟಿವ್’ ಎನ್ನುತ್ತಾಳೆ, ಅದರಲ್ಲಿ ಸುಳ್ಳಿಲ್ಲ. ಆದರೆ ಎಬಿ ಪಾಸಿಟಿವ್ ಕೂಸಿಗೆ ಎ ಪಾಸಿಟಿವ್ ತಾಯಿ ಎಂದು ಕೇಳಿದ ವೈದ್ಯರು ಗುಂಪಿನ ಘರ್ಷಣೆಯ ಗುಮಾನಿಯನ್ನು ಹಿಂದಕ್ಕೆ ತಳ್ಳುತ್ತಾರೆ. ಕೂಸಿನ ಮೈಯಲ್ಲಿರುವ ಪ್ರತಿಕಾಯಗಳು ಓ ನೆಗೆಟಿವ್ ಬದಲಿ ತಾಯಿಯಿಂದ ಬಂದವು. ಕೂಸಿನ ರಕ್ತಕಣಗಳಿಗೆ ಪ್ರತಿಕಾಯ ಅಂಟಿದೆಯೇ ಎಂದು ನೋಡುವ ಡೈರೆಕ್ಟ್ ಕೂಂಬ್ಸ್ ಪರೀಕ್ಷೆ ಮೊದಲ ದಿನವೇ ಆಗಬೇಕಿತ್ತು. ಆದ್ದರಿಂದ ಕೂಸಿನ ಫೈಲಿನ ಮೇಲ್ಪುಟದಲ್ಲಿ ‘ಹೊತ್ತವರ ಗುಂಪು’ ಮತ್ತು ‘ಅಂಡಾಣುವಿನ ಗುಂಪು’ ಎಂದು ಎರಡು ಸಾಲು ಬರೆಸಿ. ಬದಲಿ ತಾಯಿಯ ಗುಂಪಿನ ವರದಿ ಮತ್ತು ಕೂಂಬ್ಸ್ ವರದಿಯ ಪ್ರತಿಗಳು ನಿಮ್ಮ ಕೈಯಲ್ಲಿಯೇ ಇರಲಿ, ಏಕೆಂದರೆ ಆಕೆ ಹೆತ್ತ ಆಸ್ಪತ್ರೆ ಒಂದು, ಕೂಸನ್ನು ಸೇರಿಸಿದ ಆಸ್ಪತ್ರೆ ಇನ್ನೊಂದು ಆಗಿರಬಹುದು. ಎಳೆಗೂಸಿಗೆ ರಕ್ತ ಹಾಕಬೇಕಾಗಿ ಬಂದಾಗ ಹೊಂದಾಣಿಕೆ ನೋಡಲು ರಕ್ತನಿಧಿಯವರು ಕೇಳುವುದೂ ಹೊತ್ತವಳ ರಕ್ತದ ಮಾದರಿಯನ್ನೇ.

ಹೆಂಡತಿಯ ಗುಂಪಿನವಳೇ ಬದಲಿ ತಾಯಿಯಾಗಬೇಕೆಂದು ಹಟ ಹಿಡಿದು ತಿಂಗಳುಗಟ್ಟಲೆ ಹುಡುಕುವವರಿದ್ದಾರೆ. ಅದರಿಂದ ಕೂಸಿಗೆ ಗುಂಪು ಬರುವುದೂ ಇಲ್ಲ, ಹೋಗುವುದೂ ಇಲ್ಲ. ಹುಡುಕಲೇಬೇಕಾದರೆ ಪಾಸಿಟಿವ್ ಆದವಳನ್ನು ಹುಡುಕಿ, ಒಂದು ಚಿಂತೆ ಅಲ್ಲಿಗೆ ಕಳೆಯುತ್ತದೆ.

ಲೆಕ್ಕ ತಾಳೆಯಾಗದಿದ್ದರೆ

ಓ ಗುಂಪಿನವಳು ಎಬಿ ಕೂಸನ್ನು ಹೆತ್ತರೆ ಸಾಮಾನ್ಯ ಹೆರಿಗೆಯಲ್ಲಿ ಪ್ರಯೋಗಾಲಯದವರು ಕೂಸು ಅದಲುಬದಲಾಯಿತೇ ಎಂದು ಬೆಚ್ಚುತ್ತಾರೆ. ಬದಲಿ ತಾಯ್ತನದಲ್ಲಿ ಅದು ತೀರ ಸಹಜ. ಕೂಸಿನ ಗುಂಪು ಅಂಡಾಣು, ವೀರ್ಯಾಣು ಕೊಟ್ಟವರ ಚೌಕದ ಹೊರಗೆ ಬಿದ್ದಾಗ ಮಾತ್ರ ಯೋಚಿಸಬೇಕು. ಆಗಲೂ ಭ್ರೂಣವೇ ಬದಲಾಯಿತೆಂದು ಕ್ಲಿನಿಕ್ಕಿನ ಮೇಲೆ ಎರಗುವ ಮೊದಲು ಅಂಡಾಣು ಕೊಟ್ಟವರು, ವೀರ್ಯಾಣು ಕೊಟ್ಟವರು, ಕೂಸು ಈ ಮೂವರ ಪರೀಕ್ಷೆಯನ್ನೂ ಮತ್ತೆ ಮಾಡಿಸಿ. ಹೊಕ್ಕಳಬಳ್ಳಿಯಿಂದ ತೆಗೆದ ರಕ್ತದಲ್ಲಿ ಬಳ್ಳಿಯೊಳಗಿನ ಲೋಳೆ ಬೆರೆತರೆ ಕಣಗಳು ಸುಮ್ಮನೆ ಅಂಟಿಕೊಂಡು ತಪ್ಪು ಗುಂಪು ತೋರಿಸುತ್ತವೆ. ಎಳೆಗೂಸಿನ ಎ, ಬಿ ಗುರುತುಗಳು ಇನ್ನೂ ದುರ್ಬಲವಾಗಿರುತ್ತವೆ, ಅದರ ಸ್ವಂತ ಪ್ರತಿಕಾಯಗಳೂ ಹುಟ್ಟಿರುವುದಿಲ್ಲ. ಹೀಗಾಗಿ ಕೂಸಿಗೆ 6 ತಿಂಗಳು ಕಳೆದ ಮೇಲೆ ಇನ್ನೊಮ್ಮೆ ನೋಡುವುದು ಸೂಕ್ತ.

ಮರುಪರೀಕ್ಷೆಯಲ್ಲಿಯೂ ಓ ಎನಿಸಿಕೊಂಡವರ ಕೂಸಿನಲ್ಲಿ ಎಲ್ಲಿಂದಲೋ ಎ ಅಥವಾ ಬಿ ಕಾಣಿಸಿಕೊಂಡರೆ ಬಾಂಬೆ ಗುಂಪನ್ನು ನೆನೆಯಬೇಕು. 1952ರಲ್ಲಿ ಮುಂಬೈಯಲ್ಲಿ ಡಾ. ವೈ. ಎಂ. ಭೆಂಡೆ ಮತ್ತು ಸಂಗಡಿಗರು ಗುರುತಿಸಿದ ಈ ಗುಂಪು ಭಾರತದಲ್ಲಿ ಸುಮಾರು 10,000ದಲ್ಲಿ ಒಬ್ಬರಿಗಿದೆ. ಮಹಾರಾಷ್ಟ್ರ, ಕರ್ನಾಟಕದ ಕಡೆ ಹೆಚ್ಚು. ಇವರಲ್ಲಿ ಎ ಅಥವಾ ಬಿ ಜೀನು ಇದ್ದರೂ ಅದು ಕಣದ ಮೇಲೆ ಕೂರಲು ಬೇಕಾದ ಎಚ್ ಎಂಬ ಅಡಿಪಾಯವೇ ಇರುವುದಿಲ್ಲ. ಟೈಲಿನ ಮೇಲೆ ಓ ಎಂದೇ ಕಾಣುತ್ತದೆ. ಕೂಸಿಗೆ ಇನ್ನೊಬ್ಬ ಜನಕರಿಂದ ಎಚ್ ಬಂದೊಡನೆ ಅಡಗಿದ್ದ ಜೀನು ಹೊರಗೆ ಕಾಣಿಸಿಕೊಳ್ಳುತ್ತದೆ. ಈ ದೋಷ ಇಬ್ಬರು ಹೆತ್ತವರಿಂದಲೂ ಬಂದರೆ ಮಾತ್ರ ಬಾಂಬೆ ಗುಂಪು ಆಗುವುದರಿಂದ, ಸೋದರಮಾವನನ್ನೋ ಅತ್ತೆಯ ಮಗನನ್ನೋ ಮದುವೆಯಾಗುವ ರೂಢಿಯಿರುವ ನಮ್ಮ ಸೀಮೆಯ ಮನೆತನಗಳಲ್ಲಿ ಇದರ ಸಾಧ್ಯತೆ ಕೊಂಚ ಹೆಚ್ಚು. ರಕ್ತನಿಧಿಯಲ್ಲಿ ಆಂಟಿ-ಎಚ್ ದ್ರಾವಣದಿಂದ ನೋಡಿದರೆ ಗೊತ್ತಾಗುತ್ತದೆ. ಹಾಗೆ ಗೊತ್ತಾದವರು ಅದನ್ನು ಎಲ್ಲ ದಾಖಲೆಗಳಲ್ಲೂ ಬರೆಸಿಟ್ಟುಕೊಳ್ಳಬೇಕು, ಏಕೆಂದರೆ ಅವರಿಗೆ ಬಾಂಬೆ ಗುಂಪಿನ ರಕ್ತವನ್ನು ಬಿಟ್ಟು ಸಾಮಾನ್ಯ ಓ ರಕ್ತವೂ ಆಗಿಬರುವುದಿಲ್ಲ.

ಇಷ್ಟೆಲ್ಲ ನೋಡಿದ ಮೇಲೂ ಲೆಕ್ಕ ಹೊಂದದಿದ್ದರೆ ಡಿಎನ್‌ಎ ಪರೀಕ್ಷೆಯೊಂದೇ ದಾರಿ. ರಕ್ತದ ಗುಂಪು ‘ಇವರ ಕೂಸಲ್ಲ’ ಎಂಬ ಶಂಕೆಯನ್ನು ಎಬ್ಬಿಸಬಲ್ಲುದು. ‘ಇವರದೇ ಕೂಸು’ ಎಂದು ಸಾಬೀತುಪಡಿಸಲಾರದು, ಏಕೆಂದರೆ ಅದೇ ಗುಂಪಿನವರು ಊರ ತುಂಬ ಇದ್ದಾರೆ. ಇನ್ನು ಕಾನೂನಿನ ಮಟ್ಟಿಗೆ ಕೂಸು ಯಾರದೆಂಬುದನ್ನು ಗುಂಪಿನ ಚೀಟಿ ನಿರ್ಧರಿಸುವುದಿಲ್ಲ. ಅದಕ್ಕಾಗಿ ಬದಲಿ ತಾಯ್ತನಕ್ಕೆ ಕೈಹಾಕುವ ಮುಂಚೆಯೇ ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟ್ ಅಥವಾ ಅದಕ್ಕೂ ಮೇಲಿನ ನ್ಯಾಯಾಲಯದಿಂದ ಪೋಷಕತ್ವದ ಆದೇಶವನ್ನು ಪಡೆದಿರಬೇಕಾಗುತ್ತದೆ. ಆ ಆದೇಶದ ಪ್ರತಿಯನ್ನೂ ಗಂಡ, ಹೆಂಡತಿ, ಬದಲಿ ತಾಯಿ ಮೂವರ ರಕ್ತದ ವರದಿಗಳನ್ನೂ ಒಂದೇ ಲಕೋಟೆಯಲ್ಲಿಟ್ಟು, ಎಂಟನೆಯ ತಿಂಗಳು ಬೀಳುವಷ್ಟರಲ್ಲಿ ಹೆರಿಗೆಯ ಚೀಲದೊಳಗೆ ಸೇರಿಸಿಡಿ.